ಬರುವವರ ಪಟ್ಟಿ

"ಕಸ್ತೂರಿಯವರೇ, ನಿಮ್ಮ ಹುಬ್ಬಳ್ಳಿಯಲ್ಲಿ ಯಾರೂ ಯಾರ ಮನೆಯಿಂದಲೂ ಹೋಗುವುದೇ ಇಲ್ವಾ ಮಾರಾಯ್ರೆ?"

ಜೆಸಿಂತಾ ಮೇಡಂ ಹೀಗೆ ಕೇಳಿದಾಗ ಕಸ್ತೂರಿ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನ್ ತೆಗೆದಳು. ಕಂಟ್ರೋಲ್ ರೂಮಿನ ಗೋಡೆಯಷ್ಟಗಲದ ಪರದೆಯ ಮೇಲೆ ಹುಬ್ಬಳ್ಳಿಯ ನಕ್ಷೆ ಹರಡಿಕೊಂಡಿತ್ತು. ಅದರಲ್ಲಿ ಎಂಬತ್ತು ಮನೆಗಳು ಎಂಬತ್ತು ಹಳದಿ ಚುಕ್ಕಿಗಳಾಗಿ ಮಿನುಗುತ್ತಿದ್ದವು.

"ಯಾಕ್ರಿ ಮೇಡಂ, ಹೋಗ್ತಾರಲ್ಲ. ಕೂಡ್ರಿ ಅಂದ್ರೂ ಕೂಡಂಗಿಲ್ಲ."

"ಹಾಗಾದರೆ ಇದು ಎಂತದು ನೋಡಿ. ಇವತ್ತು ರಾತ್ರಿ ಈ ಎಂಬತ್ತು ಮನೆಗಳಲ್ಲಿ ಊಟಕ್ಕೆ ಎಷ್ಟು ಜನ ಅಂತ ನೆನಪಕ್ಕನನ್ನು ಕೇಳಿದೆ. ಮೂರು ಸಾವಿರದ ನೂರ ಹನ್ನೆರಡು ಅಂತ ಹೇಳ್ತಾ ಉಂಟು. ಒಬ್ಬರು ರಿಟೈರ್ಡ್ ಮಾಸ್ತರರ ಮನೆ, ಗಂಡ ಹೆಂಡತಿ ಇಬ್ಬರೇ ಇರುವುದು. ಅವರಿಗೆ ಐವತ್ತೊಂದು ಜನಕ್ಕೆ ಅಕ್ಕಿ ಇಡಿ ಅಂದಿದೆ. ಆ ಅಮ್ಮ ನನಗೇ ಫೋನ್ ಮಾಡಿ ದೊಡ್ಡ ಪಾತ್ರೆ ಉಂಟಾ ಅಂತ ಕೇಳಿದ್ರು."

ಇಲ್ಲಿ ನೆನಪಕ್ಕನ ಬಗ್ಗೆ ಎರಡು ಮಾತು ಹೇಳಬೇಕು. ಕಂಪನಿಯವರು ಆ ಯಂತ್ರಕ್ಕೆ ನಾಲಿಗೆ ತಿರುಗದ ಏನೋ ಒಂದು ಹೆಸರಿಟ್ಟಿದ್ದರು. ನೆನಪಕ್ಕ ಎಂದು ಕರೆದವಳು ಕಸ್ತೂರಿಯ ಅತ್ತೆ ನೀಲವ್ವ. ಅದೇ ಊರಲ್ಲೆಲ್ಲ ನಿಂತಿತು. ಈ ಎಂಬತ್ತು ಮನೆಗಳಲ್ಲೂ ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಭರಣಿಯ ಪಕ್ಕ ಭರಣಿಯಷ್ಟೇ ಎತ್ತರದ ಒಂದು ಡಬ್ಬಿ. ಅದು ಮನೆಯ ಮಾತುಗಳನ್ನು ಕೇಳುತ್ತದೆ, ಕೇಳಿದರೆ ಉತ್ತರ ಕೊಡುತ್ತದೆ, ಕೇಳದಿದ್ದರೂ ಹಾಲು ಒಲೆಯ ಮೇಲಿದೆ ಎಂದು ನೆನಪಿಸುತ್ತದೆ. ಜನ ಆಡಿದ ಒಂದೊಂದು ಮಾತಿನಿಂದ ಒಂದೊಂದು ಚೀಟಿ ಮಾಡಿಕೊಳ್ಳುತ್ತದೆ: ಯಾರು, ಏನು, ಯಾವಾಗ. ಆ ಚೀಟಿಗಳನ್ನು ಮೂರು ಪಟ್ಟಿಗಳಿಗೆ ಹಂಚುತ್ತದೆ. ಮನೆಯಲ್ಲಿರುವವರ ಪಟ್ಟಿ, ಹೋದವರ ಪಟ್ಟಿ, ಬರುವವರ ಪಟ್ಟಿ. ಗುಳಿಗೆ ಯಾರಿಗೆ, ಬೀಗದ ಕೈ ಯಾರ ಹತ್ತಿರ, ಬಿಸಿನೀರು ಎಷ್ಟು ಎಂಬುದೆಲ್ಲ ಈ ಮೂರು ಪಟ್ಟಿಗಳಿಂದಲೇ ಹೊರಡುತ್ತದೆ. ಊಟಕ್ಕೆ ಎಷ್ಟು ಜನ ಎಂದು ಎಣಿಸುವ ವಿದ್ಯೆಯನ್ನು ಮಾತ್ರ ಅದಕ್ಕೆ ಈ ವಾರ ಹೊಸದಾಗಿ ಕಲಿಸಿದ್ದರು.

ಮತ್ತೆ ಅದಕ್ಕೆ ಹುಬ್ಬಳ್ಳಿಯ ಮನೆಮಾತು ಕಲಿಸಿದವಳು ಕಸ್ತೂರಿ. ಇಪ್ಪತ್ತೊಂದು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕಳಿಸಿದವಳು ಅವಳು. ಆ ಕೆಲಸವನ್ನು ಯಂತ್ರಕ್ಕೆ ವಹಿಸಿದ ಮೇಲೆ, ಯಂತ್ರಕ್ಕೆ ಮಾತು ಕಲಿಸುವ ಈ ಕೆಲಸ ತಾನಾಗಿ ಅವಳನ್ನು ಹುಡುಕಿಕೊಂಡು ಬಂದಿತ್ತು. ಕಂಪ್ಯೂಟರಿನ ಓದು ಅವಳಿಗಿಲ್ಲ. ಆದರೆ ಒಂದು 'ಹ್ಞೂಂ' ಕೇಳಿ, ಅದು ಒಪ್ಪಿಗೆಯೋ ಮುನಿಸೋ ಬಾಯಲ್ಲಿ ಎಲೆಯಡಿಕೆಯೋ ಎಂದು ಹೇಳಬಲ್ಲಳು.

"ಮೇಡಂ, ಹ್ವಾದ ತಿಂಗಳು ನೀವು ನಮ್ಮನಿಗೆ ಬಂದಿದ್ರಲ್ಲ, ಚಾ ಕುಡದು ಹೊಂಡಾಗ ನಮ್ಮತ್ತಿಗೆ ಏನಂದ್ರಿ?"

"ಎಂತ ಅಂದೆ? ಬರ್ತೇನೆ ಅಂದೆ."

"ಅಂದ್ರಲ್ಲ. ಆ ಮೂರು ಸಾವಿರದಾಗ ನೀವೂ ಒಬ್ರು."

ಜೆಸಿಂತಾ ಮೇಡಂ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. ಮಂಗಳೂರಿನಲ್ಲಿ ಹುಟ್ಟಿ, ಮೂರು ದೇಶಗಳಲ್ಲಿ ಓದಿ ಬಂದು, ಕಂಪನಿಯಲ್ಲಿ ಈ ಯಂತ್ರದ ಕೆಲಸ ನೋಡಿಕೊಳ್ಳುವವರು. ಆದರೂ ಹುಟ್ಟಿದಾಗಿನಿಂದ ಎಲ್ಲರ ಮನೆಯ ಬಾಗಿಲಲ್ಲೂ ಚಪ್ಪಲಿ ಮೆಟ್ಟುತ್ತ 'ಬರ್ತೇನೆ' ಎಂದೇ ಹೇಳುತ್ತಿದ್ದ ಅವರಿಗೆ, ಅದು ಹೊಳೆದದ್ದು ಈಗ. ಹಾಲಿನವನು ಹೇಳುತ್ತಾನೆ, ಬೀಗರು ಹೇಳುತ್ತಾರೆ, ಮೀಟರ್ ಓದುವವನೂ ಹೇಳುತ್ತಾನೆ. ಎಲ್ಲರೂ ಬರ್ತೀನಿ ಎಂದೇ ಹೋಗುತ್ತಾರೆ. ನೆನಪಕ್ಕ ಅಷ್ಟನ್ನೂ ನಂಬಿ ಬರುವವರ ಪಟ್ಟಿಗೆ ಬರೆದುಕೊಂಡಿತ್ತು. ಯಾವಾಗ ಎಂದು ಯಾರೂ ಹೇಳದ್ದರಿಂದ, ಇವತ್ತು ಬರದಿದ್ದರೆ ನಾಳೆ ಬಂದಾರು ಎಂದು ಚೀಟಿಯನ್ನು ದಿನದಿಂದ ದಿನಕ್ಕೆ ದಾಟಿಸುತ್ತ ಬಂದಿತ್ತು.

"ಇನ್ನೊಂದು ತಮಾಷೆ ಹೇಳ್ತೇನೆ," ಎಂದರು ಮೇಡಂ, ಪರದೆಯ ಮೇಲೆ ಬೆರಳಾಡಿಸುತ್ತ. "ಈ ಇಡೀ ವರ್ಷದಲ್ಲಿ, ಇಷ್ಟು ಮನೆಗಳಲ್ಲಿ, ಸರಿಯಾಗಿ 'ಹೋಗ್ತೀನಿ' ಅಂತ ಹೇಳಿ ಹೋದವರು ಒಬ್ಬರೇ ಒಬ್ಬರು. ಹೋದವರ ಪಟ್ಟಿಯಲ್ಲಿ ಅವರದ್ದೊಂದೇ ಹೆಸರು ಉಳಿದಿರುವುದು. ಪಾಪ, ಶುದ್ಧ ಮಾತಿನವರು. ಮನೆ ನಂಬರ್ ನಲವತ್ತೇಳು."

ಕಸ್ತೂರಿ ಹೆಡ್‌ಫೋನನ್ನು ಮತ್ತೆ ಕಿವಿಗೆ ಹಾಕಿಕೊಂಡಳು. ನಲವತ್ತೇಳು ಅವಳದೇ ಮನೆ.

*

ಅದು ಹೋದ ವರ್ಷದ ನಾಗರ ಪಂಚಮಿಯ ಮಾತು. ಪಂಚಮಿ ಎಂದರೆ ಈ ಕಡೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾಗಿ ಹೋದವಳನ್ನು ಅಣ್ಣನೋ ತಮ್ಮನೋ ಖುದ್ದಾಗಿ ಹೋಗಿ ಕರೆದುಕೊಂಡು ಬರಬೇಕು. ಬಂದವಳು ಎಳ್ಳು ಬೆಲ್ಲದ ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು, ತವರಿನ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಗಂಡನ ಮನೆಯವರನ್ನು ಮನಸಾರೆ ಬೈಯಬೇಕು.

ಕಸ್ತೂರಿಯ ಗಂಡ ಫಕೀರೇಶ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವನ ಒಬ್ಬಳೇ ತಂಗಿ ಮಂದಾಕಿನಿಯನ್ನು ಗದಗಿಗೆ ಕೊಟ್ಟಿತ್ತು. ಆ ಸಲ ಅವನಿಗೆ ರಜೆ ಸಿಗಲಿಲ್ಲ. ಕಸ್ತೂರಿಗೆ ಆಗ ನೆನಪಕ್ಕ ಹೊಸ ಸಂಭ್ರಮ. ಏನು ಹೇಳಿದರೂ ಮಾಡುತ್ತದಲ್ಲ ಎಂದು, ಮಂದಾಳನ್ನು ಕರೆಯುವ ಕೆಲಸವನ್ನೂ ಅದಕ್ಕೇ ಹೇಳಿದಳು. ಅದು ಹೂವಿನ ಚಿತ್ರ ಹಾಕಿ ಗದಗಿಗೆ ಒಂದು ಚೆಂದದ ಸಂದೇಶ ಕಳಿಸಿತು.

ಮಂದಾ ಬಂದಳು. ಅಣ್ಣ ಬರಲಿಲ್ಲವೆಂದು ಮುಖ ಊದಿಸಿಕೊಂಡೇ ಬಂದಳು, ಆದರೂ ಬಂದಳು. ವೈನಿ, ಅಂದರೆ ಅತ್ತಿಗೆ, ಮತ್ತು ನಾದಿನಿ ಇಬ್ಬರೂ ಮೊದಲಿನಿಂದಲೂ ಒಂದು ಜೀವ. ಸಂಜೆಯ ಹೊತ್ತಿಗೆ ಸಿಟ್ಟು ಇಳಿದು, ಮರುದಿನ ಉಂಡಿ ಕಟ್ಟುತ್ತ ಇಬ್ಬರೂ ನಗುತ್ತಿದ್ದರು. ಓಣಿಯ ನಾಲ್ಕು ಹೆಂಗಸರೂ ಜೊತೆಗಿದ್ದರು. ಆಗ ಗೂಡಿನೊಳಗಿಂದ ನೆನಪಕ್ಕ ತನ್ನ ಮಿದು ದನಿಯಲ್ಲಿ ಹೇಳಿತು: "ಮಂದಾಕಿನಿ ಅವರು ಮಂಗಳವಾರ ನಾಲ್ಕು ಹತ್ತರ ಗದಗ ಬಸ್ಸಿಗೆ ಹೋಗುತ್ತಾರ. ಅವರ ಹಾಸಿಗಿ ಅವತ್ತ ಮಡಚಿ ಇಡಬೇಕು."

ಬೆಲ್ಲದ ಪಾಕ ಕೈಯಲ್ಲೇ ಗಟ್ಟಿಯಾಯಿತು. ತವರಿಗೆ ಬಂದ ಮಗಳಿಗೆ ಹೋಗುವ ದಿನ ಹೇಳುವುದೇ, ಅದೂ ನಾಲ್ಕು ಮಂದಿಯ ಮುಂದೆ, ಹಾಸಿಗೆಯ ಸಮೇತ.

ಮಂದಾ ಎದ್ದು ಕೈ ತೊಳೆದುಕೊಂಡಳು. ಬ್ಯಾಗು ಎತ್ತಿಕೊಂಡಳು. ಹೊಸ್ತಿಲ ಮೇಲೆ ನಿಂತು, ಯಾರ ಮುಖವನ್ನೂ ನೋಡದೆ, "ಹೋಗ್ತೀನಿ," ಎಂದಳು.

ನೀಲವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. ಹಾಗೆ ಹೇಳಿ ಯಾರೂ ಮನೆ ದಾಟುವುದಿಲ್ಲ. ಆ ಮಾತು ಆಡುವ ಸಂದರ್ಭ ಒಂದೇ, ಅದನ್ನು ಆಡಿದವರು ಮತ್ತೆ ತಿರುಗಿ ನೋಡುವುದಿಲ್ಲ.

ಆಮೇಲೆ ನೀಲವ್ವ ಆ ಡಬ್ಬಿಯ ಮೇಲೆ ಒಂದು ಪಂಜೆ ಹೊದಿಸಿ ಒಂದು ತಿಂಗಳು ಬಾಯಿ ಮುಚ್ಚಿಸಿದಳು. ಆದರೆ ತಪ್ಪು ಡಬ್ಬಿಯದಲ್ಲ ಎಂದು ಕಸ್ತೂರಿಗೆ ಗೊತ್ತಿತ್ತು. 'ಮಂದಾ: ಶನಿವಾರ ಆಗಮನ, ಮಂಗಳವಾರ ನಾಲ್ಕು ಹತ್ತು ನಿರ್ಗಮನ' ಎಂದು ಟೈಪ್ ಮಾಡಿದವಳು ಅವಳೇ. ಇಪ್ಪತ್ತೊಂದು ವರ್ಷ ಬಸ್ಸು ಕಳಿಸಿದ ಕೈ, ನಾದಿನಿಯನ್ನೂ ಬಸ್ಸಿನ ಹಾಗೆಯೇ ಬರೆದಿತ್ತು. ಇದನ್ನು ಅವಳು ಮಂದಾಗೆ ಹೇಳಬೇಕೆಂದು ಎಷ್ಟೋ ಸಲ ಫೋನ್ ಮಾಡಿದಳು. ಮಂದಾ ಎತ್ತಲಿಲ್ಲ. ಯುಗಾದಿ ಹೋಯಿತು, ಕಾರಹುಣ್ಣಿಮೆ ಹೋಯಿತು. ಈಗ ಮತ್ತೆ ಪಂಚಮಿಗೆ ಮೂರೇ ದಿನ. ಈ ಪಂಚಮಿಗೂ ಅವಳು ಬರದಿದ್ದರೆ, ಆ ಒಂದು ಮಾತು ಖಾಯಂ ಆಗಿಬಿಡುತ್ತದೆ ಎಂದು ಕಸ್ತೂರಿ ಹೆದರಿದ್ದಳು.

"ಅತ್ತಿ, ಮಂದಾ ಈ ಸಲ ಬರ್ತಾಳೇನ್ರಿ?" ಎಂದು ಅವತ್ತು ಸಂಜೆ ಕೇಳಿದಳು.

ಎಳ್ಳು ಹಸನು ಮಾಡುತ್ತಿದ್ದ ನೀಲವ್ವ ಮೊರದಿಂದ ತಲೆ ಎತ್ತದೆ ಹೇಳಿದಳು: "ನನ್ನೇನ ಕೇಳ್ತಿ. ಎಲ್ಲಾ ಗೊತ್ತಿದ್ದಾಕಿ ಗೂಡಿನ್ಯಾಗ ಕುಂತಾಳಲ್ಲ, ಆಕಿನ್ನ ಕೇಳು."

*

ಮರುದಿನ ಜೆಸಿಂತಾ ಮೇಡಂ ಉಪಾಯ ಹುಡುಕಿಕೊಂಡೇ ಬಂದಿದ್ದರು.

"ಸೋಮವಾರ ಕಂಪನಿಯ ದೊಡ್ಡವರೆಲ್ಲ ನೋಡಲಿಕ್ಕೆ ಬರ್ತಾರೆ. ಅಷ್ಟರಲ್ಲಿ ಈ ಪಟ್ಟಿ ಖಾಲಿ ಆಗಬೇಕು. ತುಂಬ ಸುಲಭ. ಪಟ್ಟಿಯಲ್ಲಿ ಇರುವವರಿಗೆಲ್ಲ ನೆನಪಕ್ಕನ ಕೈಯಲ್ಲಿ ಒಂದು ಪ್ರಶ್ನೆ ಕೇಳಿಸುವುದು, ನೀವು ಬರ್ತೀರಾ ಇಲ್ವಾ ಅಂತ. ಇಲ್ಲ ಅಂದವರನ್ನು ತೆಗೆಯುವುದು. ಸುಮ್ಮನಿದ್ದವರನ್ನೂ ತೆಗೆಯುವುದು. ಆ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಬರೆದು, ನಿಮ್ಮದೇ ಸ್ವರದಲ್ಲಿ ಓದಿ ಕೊಡಿ."

ಕಸ್ತೂರಿ ಮೈಕಿನ ಮುಂದೆ ಕೂತಳು. 'ಬರ್ತೀರೋ ಇಲ್ಲೋ' ಎಂದು ಬರೆದುಕೊಂಡಳು, ಓದಿದಳು, ಹೊಡೆದು ಹಾಕಿದಳು. ಮನುಷ್ಯರನ್ನು ಹೀಗೆ ಕೇಳುವುದುಂಟೇ? ಸಾಲ ಕೊಟ್ಟವರು ಕೇಳಿದ ಹಾಗೆ. ಇನ್ನೊಂದು ಬರೆದಳು, ಅದನ್ನೂ ಹೊಡೆದಳು. ಕೊನೆಗೆ ಕಾಗದ ಪಕ್ಕಕ್ಕಿಟ್ಟು, ಎದುರಿಗೆ ಯಾರೋ ಬಾಗಿಲಲ್ಲಿ ನಿಂತಿದ್ದಾರೆ ಎಂದುಕೊಂಡು, ಬಾಯಿಗೆ ಬಂದದ್ದನ್ನು ಹೇಳಿದಳು:

"ಬರ್ತೀನಿ ಅಂತ ಹೇಳಿ ಹೋಗಿದ್ರಿ, ಬರಲೇ ಇಲ್ಲಲ್ರಿ. ದಾರಿ ನೋಡಾಕತ್ತೇವಿ. ಪಂಚಮಿ ದಿನ ಹಬ್ಬದ ಅಡಗಿ ಮಾಡ್ತೇವಿ, ಬರ್ರಿ."

"ಇದು ಪ್ರಶ್ನೆ ಹೌದಾ ಮಾರಾಯ್ರೆ?" ಎಂದು ಮೇಡಂ ಹುಬ್ಬು ಗಂಟಿಕ್ಕಿದರು.

"ಹೌದ್ರಿ. ನಮ್ಮ ಕಡೆ ಹಿಂಗ ಕೇಳೂದು. ಬರಂಗಿಲ್ಲದವರು, ಹಬ್ಬ ಐತಿ, ಮುಂದ ನೋಡೂಣು ಅಂತಾರ. ತಿಳಕೊಂಡು ತೆಗೀರಿ."

ಮೇಡಂ ಒಪ್ಪಿದರು. ಮನೆಮಾತಿನ ವಿಷಯದಲ್ಲಿ ಅವರು ಕಸ್ತೂರಿಗೆ ಎದುರಾಡುತ್ತಿರಲಿಲ್ಲ. ಕಳಿಸುವ ಗುಂಡಿ ಒತ್ತುವ ಮುಂಚೆ, ದನಿ ತಗ್ಗಿಸಿ ಕೇಳಿದರು: "ಕಸ್ತೂರಿಯವರೇ, ಆ ನಲವತ್ತೇಳು ನಿಮ್ಮ ಮನೆ ಅಂತ ನಾನು ಆಮೇಲೆ ನೋಡಿದೆ. ನಿಮ್ಮ ನಾದಿನಿ ಅಲ್ವಾ? ಹೋದವರ ಪಟ್ಟಿಯಿಂದ ಅವರ ಹೆಸರು ಎತ್ತಿ ಈ ಪಟ್ಟಿಗೆ ಹಾಕಿದರೆ ಅವರಿಗೂ ಇದು ಹೋಗ್ತದೆ. ಒಂದು ನಿಮಿಷದ ಕೆಲಸ. ಹಾಕಲಾ?"

ಕಸ್ತೂರಿಯ ಬಾಯಿಗೆ 'ಹಾಕ್ರಿ' ಬಂದುಬಿಟ್ಟಿತ್ತು. ನುಂಗಿಕೊಂಡಳು.

"ಬ್ಯಾಡ್ರಿ ಮೇಡಂ. ಹೋದ ಸಲ ಆಕಿನ್ನ ಕರದದ್ದೂ ಡಬ್ಬಿನ. ಮತ್ತ ಅದರ ಕೈಲೇ ಕರೆಸಿದ್ರ, ನಾವು ಮನಿಯಾಗ ಯಾಕ ಇರೂದು?"

ಗುಂಡಿ ಒತ್ತಿದರು. ಮಂದಾಕಿನಿ ಒಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಮಾತು ಹೊರಟಿತು.

ಅವತ್ತು ಶುಕ್ರವಾರ, ಪಂಚಮಿಗೆ ಎರಡು ದಿನ ಮುಂಚಿನ ರೊಟ್ಟಿ ಹಬ್ಬ. ಅಕ್ಕಪಕ್ಕದ ಮನೆಗಳಿಂದ ಎಳ್ಳು ಹಚ್ಚಿದ ರೊಟ್ಟಿಗಳು, ಎಂಟು ಬಗೆಯ ಪಲ್ಯಗಳು ಬಂದು, ಇವರ ಮನೆಯವು ಅತ್ತ ಹೋದವು. ಅವನ್ನು ಮುಂದಿಟ್ಟುಕೊಂಡು ಕಸ್ತೂರಿ ಗಂಡನಿಗೆ ಹೇಳಿದಳು: "ಈ ಸಲ ನಿಮಗ ರಜಾ ಐತಿ. ಗದಗಿಗೆ ಹೋಗಿ ಕರಕೊಂಡು ಬರ್ರಿ."

ಫಕೀರೇಶ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಹೋದ್ರ ಬಾಗಲಾ ಹಾಕ್ತಾಳ. ಆಕಿ ಸಿಟ್ಟು ನಿನಗ ಗೊತ್ತಿಲ್ಲ. ಸಣ್ಣಾಕಿದ್ದಾಗ ಒಂದು ರಿಬ್ಬನ್ ಕಳದೆ ಅಂತ ನಂಜೋಡಿ ನಾಕು ತಿಂಗಳ ಮಾತು ಬಿಟ್ಟಿದ್ಲು."

"ಬಾಗಲಾ ಹಾಕಿದ್ರ ಹೊರಗ ಕುಂತು ಬರ್ರಿ."

"ಬೀಗರ ಓಣ್ಯಾಗ?"

ಗಂಡನಿಗೆ ತಂಗಿಯ ಮೇಲೆ ಸಿಟ್ಟೇನೂ ಇರಲಿಲ್ಲ, ಇದ್ದದ್ದು ನಾಚಿಕೆ. ಅದನ್ನು ಎಬ್ಬಿಸುವುದು ಹೇಗೆಂದು ಕಸ್ತೂರಿಗೆ ತಿಳಿಯಲಿಲ್ಲ.

*

ಪಂಚಮಿಯ ದಿನ ಬೆಳಿಗ್ಗೆ ನಾಗಪ್ಪನಿಗೆ ಹಾಲೆರೆದು ಬಂದು ಇನ್ನೂ ಕಾಲು ತೊಳೆದಿರಲಿಲ್ಲ, ಗ್ಯಾಸ್ ಸಿಲಿಂಡರ್ ಕೊಡುವ ಮೆಹಬೂಬಸಾಬ ಬಾಗಿಲಲ್ಲಿ ನಿಂತಿದ್ದ. ಖಾಕಿ ಅಂಗಿ ಇರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಕೈಯಲ್ಲಿ ಬಾಳೆಹಣ್ಣಿನ ಚೀಲ.

"ಅಮ್ಮಾರ, ಕರದಿದ್ರಂತ. ಫೋನಿನ್ಯಾಗ ಹನ್ನೊಂದು ಸಲ ಬಂತ್ರಿ, ದಾರಿ ನೋಡಾಕತ್ತೇವಿ ದಾರಿ ನೋಡಾಕತ್ತೇವಿ ಅಂತ. ನಮ್ಮಾಕಿ ಅಂದ್ಲು, ಇಷ್ಟ ಕರಿಯಾಕತ್ತಾರ, ಏನಾತೋ ಏನೋ, ಲಗೂನ ಹೋಗ್ರಿ ಅಂತ."

ಒಂದು ವರ್ಷದಲ್ಲಿ ಹನ್ನೊಂದು ಸಿಲಿಂಡರ್ ಇಳಿಸಿ ಹನ್ನೊಂದು ಸಲ ಬರ್ತೀನಿ ಎಂದಿದ್ದ. ಒಳಗೆ ಬಂದು ಉಂಡದ್ದು ಒಮ್ಮೆಯೂ ಇಲ್ಲವಾದ್ದರಿಂದ ಒಂದು ಚೀಟಿಯೂ ಅಳಿದಿರಲಿಲ್ಲ, ನೆನಪಕ್ಕ ಹನ್ನೊಂದನ್ನೂ ಬಿಡದೆ ಕೇಳಿತ್ತು. ನೀಲವ್ವ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ, "ಏನೂ ಆಗಿಲ್ಲೋ ಯಪ್ಪ. ವರ್ಷಾನಗಟ್ಟಲೆ ಬಾಗಲದಾಗ ನಿಲ್ಲಿಸಿ ಕಳಿಸೀವಿ. ಒಳಗ ಬಾ, ಕೂಡು," ಎಂದು ಚಾಪೆ ಹಾಸಿದಳು.

ಅವನು ಕೂತು ಉಂಡಿ ಮುರಿಯುವಷ್ಟರಲ್ಲಿ ಮಿಕ್ಸರ್ ರಿಪೇರಿಯ ಗುರುಸಿದ್ಧ ಬಂದ. ಮಿಕ್ಸರಿನ ಜಾರನ್ನು ಎಂಟು ತಿಂಗಳ ಹಿಂದೆ ಒಯ್ದು, 'ನಾಳೆ ಬರ್ತೀನ್ರಿ' ಎಂದು ಹೋದವನು. ಅವತ್ತಿನಿಂದ ಈ ಓಣಿಯನ್ನೇ ಬಿಟ್ಟು ಸುತ್ತುಹಾಕಿ ತಿರುಗುತ್ತಿದ್ದವನು. ಈಗ ಆ ಜಾರನ್ನು ಹೊಸ ಬ್ಲೇಡು ಹಾಕಿಸಿ, ಎರಡೂ ಕೈಯಲ್ಲಿ ದೇವರ ಪ್ರಸಾದ ಹಿಡಿದ ಹಾಗೆ ಹಿಡಿದುಕೊಂಡು ನಿಂತಿದ್ದ.

"ವೈನಿಯಾರ ದನಿ ಕೇಳಿದ ಮ್ಯಾಲ ತಡಕೊಳ್ಳಾಕ ಆಗಲಿಲ್ರಿ. ಬಸ್ ಸ್ಟ್ಯಾಂಡಿನ್ಯಾಗ ಕೇಳತಿದ್ದ ದನಿ. ಬಸ್ ತಪ್ಪಿಸಿಕೊಂಡಂಗ ಆತು."

ಅವನ ಹಿಂದೆಯೇ ಸೊಪ್ಪು ಮಾರುವ ದ್ಯಾಮವ್ವ ಮೂರು ಕಟ್ಟು ಮೆಂತೆ ಹಿಡಿದು ಬಂದಳು. ವಿಮೆಯ ಏಜೆಂಟ ಬಂದ. ಅವನನ್ನು ನೋಡಿ ಫಕೀರೇಶ ಹಿತ್ತಲಿಗೆ ಓಡಲು ನೋಡಿದ. ಆದರೆ ಏಜೆಂಟ ಪಾಲಿಸಿಯ ಮಾತೇ ಎತ್ತದೆ ಹಾಡಲು ಶುರು ಮಾಡಿದ, ದನಿಯೂ ಚೆನ್ನಾಗಿತ್ತು. ಹತ್ತೂವರೆಗೆ ಮನೆಯಲ್ಲಿ ಇಪ್ಪತ್ಮೂರು ಜನ. ಫಕೀರೇಶ ಪಂಜೆ ಎತ್ತಿಕಟ್ಟಿ ಸೌಟು ಹಿಡಿದ. ಹಿತ್ತಲಿನ ಬೇವಿನ ಮರದ ಜೋಕಾಲಿಯಲ್ಲಿ ಗುರುಸಿದ್ಧನನ್ನು ಕೂರಿಸಿ ದ್ಯಾಮವ್ವ ತೂಗುತ್ತಿದ್ದಳು. "ಎಂಟು ತಿಂಗಳ ಜಾರ್ ಇಟಗೊಂಡಿದ್ದಿಯಲ್ಲೋ, ಜಗ್ಗಿ ಹಿಡಕೊ, ಬಿಟ್ಟೆ ನೋಡು," ಎಂದು ಅವಳು ಹೇಳುವುದು ಓಣಿಯ ತುದಿಗೆ ಕೇಳುತ್ತಿತ್ತು.

ಜೆಸಿಂತಾ ಮೇಡಂ ಕಂಟ್ರೋಲ್ ರೂಮಿನಿಂದ ಫೋನ್ ಮಾಡಿದರು. ಅವರ ದನಿಯಲ್ಲಿ ಗಾಬರಿಯೋ ನಗುವೋ ಮೊದಲಿಗೆ ಗೊತ್ತಾಗಲಿಲ್ಲ.

"ಕಸ್ತೂರಿಯವರೇ, ಎಂಬತ್ತು ಮನೆಯಲ್ಲೂ ಇದೇ ಕತೆ. ಆ ಮಾಸ್ತರರ ಮನೆಗೆ ಮೂವತ್ತೆಂಟು ಹಳೇ ವಿದ್ಯಾರ್ಥಿಗಳು ಬಂದಿದ್ದಾರಂತೆ, ಪಾತ್ರೆ ಅವರೇ ತಂದಿದ್ದಾರಂತೆ. ನಾನಿಲ್ಲಿ ಕೂತು ಪಟ್ಟಿ ನೋಡ್ತಾ ಇದ್ದೇನೆ. ಒಬ್ಬೊಬ್ಬರು ಬಂದು ಊಟಕ್ಕೆ ಕೂತ ಹಾಗೆ ಹೆಸರು ಅಳಿಯುತ್ತದೆ, ಎಷ್ಟು ಚಂದ. ಆದರೆ ಉಂಡು ಎದ್ದು ಹೊರಡುವಾಗ ಎಂತ ಹೇಳ್ತಾರೆ ಹೇಳಿ."

"ಬರ್ತೀನಿ ಅಂತಾರ."

"ಮತ್ತೆ ಪಟ್ಟಿಗೆ. ಬೆಳಿಗ್ಗೆಯಿಂದ ಒಂದು ಹೆಸರೂ ಕಮ್ಮಿ ಆಗಲಿಲ್ಲ ಮಾರಾಯ್ರೆ. ಹೊಸಬರು ಬೇರೆ ಸೇರ್ತಾ ಇದ್ದಾರೆ. ಸೋಮವಾರ ನಾನು ಎಂತ ತೋರಿಸುವುದು?"

"ಇದನ್ನ ತೋರಸ್ರಿ. ಈ ಪಟ್ಟಿ ಖಾಲಿ ಆಗೂದಲ್ಲ ಅಂತ ಹೇಳ್ರಿ. ಅನ್ನದ ಪಾತ್ರಿಗೆ ಅದನ್ನ ಗಂಟು ಹಾಕೂದು ಬ್ಯಾಡ. ದಿನಾ ತಾರೀಖು ಏನೂ ಇಲ್ಲದ ಸುಮ್ಮನ ಇರಲಿ."

"ತಾರೀಕಿಲ್ಲದ ಪಟ್ಟಿ," ಎಂದು ಮೇಡಂ ತಮ್ಮಷ್ಟಕ್ಕೆ ಹೇಳಿಕೊಂಡರು. ಟೈಪ್ ಮಾಡಿದ ಸದ್ದು ಕೇಳಿತು. "ಆಯ್ತು. ಇನ್ನೊಂದು ವಿಷಯ. ನನಗೂ ಬಂತು, ನಿಮ್ಮ ಸ್ವರದಲ್ಲಿ. ಊಟ ಉಳಿದುಂಟಾ?"

"ಬರ್ರಿ ಮೇಡಂ. ನಾವು ಪಾತ್ರಿ ತೊಳಿಯೂದರಾಗ ಬರ್ರಿ."

ನಗುತ್ತಲೇ ಫೋನ್ ಇಟ್ಟಳು. ಆದರೆ ಬಾಗಿಲಲ್ಲಿ ಸದ್ದಾದಾಗಲೆಲ್ಲ ನೀಲವ್ವನ ಕಣ್ಣು ಅತ್ತ ಹೋಗಿ ವಾಪಸು ಬರುವುದನ್ನು ಅವಳು ಬೆಳಿಗ್ಗೆಯಿಂದ ನೋಡಿದ್ದಳು. ಯಾರ್ಯಾರೋ ಬಂದರು. ಒಬ್ಬಳು ಬರಲಿಲ್ಲ. ಬರುವುದಕ್ಕೆ ಯಾರೂ ಕರೆದಿರಲೂ ಇಲ್ಲ.

ಆಗ ಫೋನ್ ಮತ್ತೆ ಬಡಿದುಕೊಂಡಿತು. ಪರದೆಯ ಮೇಲೆ ಒಂದು ವರ್ಷದಿಂದ ಕಾಣದ ಹೆಸರು. ಹಿಟ್ಟಿನ ಕೈ; ಕಸ್ತೂರಿ ಮೊಣಕೈಯಿಂದಲೇ ಒತ್ತಿದಳು, ಸ್ಪೀಕರ್ ಹತ್ತಿಬಿಟ್ಟಿತು.

"ವೈನಿ, ಒಂದ ಮಾತು ಕೇಳ್ತೀನಿ, ಹೇಳಿಬಿಡ್ರಿ," ಮಂದಾಳ ದನಿ ಅಡುಗೆಮನೆಯನ್ನೆಲ್ಲ ತುಂಬಿತು. "ನನ್ನ ತವರುಮನಿಗೆ ನನ್ನ ಗಂಡನ್ನ ಕರೀತೀರಿ, ನನ್ನ ಬಿಡ್ತೀರಿ. ಇದು ಯಾವ ಊರಿನ ಪದ್ಧತಿ?"

"ಮಂದಾ, ನಾ ಹೇಳೂದು..."

"ಬೆಳಗಿಂದ ಈ ಮನುಷ್ಯಾ ಫೋನ್ ಮುಚಿಗೊಂಡು ತಿರಗಾಕತ್ತಾನ. ಏನು ಅಂತ ಕಸಗೊಂಡು ಕೇಳಿದ್ರ ನಿಮ್ಮ ದನಿ. ದಾರಿ ನೋಡಾಕತ್ತೇವಿ ಬರ್ರಿ ಅಂತ. ಸಂಕ್ರಾಂತಿ ಹಿಂದ ಹುಬ್ಬಳ್ಳಿಗೆ ಬಂದಾಂವ ನಿಮ್ಮನಿಗೆ ಬಂದು ಚಾ ಕುಡದಾನ, ನನಗ ಹೇಳೇ ಇಲ್ಲ. ಅದನ್ನ ಆಮ್ಯಾಲ ವಿಚಾರಸ್ತೀನಿ. ಮದಲ ನೀವು ಹೇಳ್ರಿ. ಗದಗಿನ್ಯಾಗ ನಾ ಒಬ್ಬಾಕೀನ ಬ್ಯಾಡಾದೆನೇನು?"

ವಿಮೆಯ ಏಜೆಂಟ ಹಾಡು ನಿಲ್ಲಿಸಿದ. ಕಸ್ತೂರಿ ಹಿಟ್ಟಿನ ಕೈಯಲ್ಲೇ ಫೋನಿನ ಎದುರು ಕೂತಳು.

"ಅದು ನನ್ನ ದನಿ ಖರೇ. ಕಳಿಸಿದ್ದು ಡಬ್ಬಿ. ಬರ್ತೀನಿ ಅಂದು ಹೋದವರಿಗೆಲ್ಲಾ ಕಳಿಸೇತಿ. ನೀ ಹೋಗ್ತೀನಿ ಅಂದು ಹೋಗಿದ್ದಿ ಮಂದಾ. ನಿನ್ನ ಮಾತು ನಾವ್ಯಾರೂ ನಂಬಲಿಲ್ಲ. ಅದು ಒಂದ ನಂಬೇತಿ."

ಕಸ್ತೂರಿ ಫೋನನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

"ಕೇಳಾಕತ್ತೀಯೇನು? ಅವತ್ತ ನಿನ್ನ ಹೋಗೂ ದಿನ ಬರದು ಕೊಟ್ಟಾಕಿ ನಾನ. ಡಬ್ಬಿದೇನೂ ತಪ್ಪಿಲ್ಲ. ಗದಗ ಬಸ್ ಬರದಂಗ ನಿನ್ನ ಬರದೆ. ಒಂದ ವರ್ಷದಿಂದ ಇದನ್ನ ಹೇಳಬೇಕಂತ ಫೋನ್ ಹಚ್ಚಾಕತ್ತೇನಿ, ನೀ ಎತ್ತಲಿಲ್ಲ."

"ಸಿಟ್ಟಿನ್ಯಾಗ ಬಾಯಿಗೆ ಬಂತು ವೈನಿ," ಮಂದಾಳ ದನಿ ಅರ್ಧಕ್ಕಿಳಿದಿತ್ತು. "ಬಸ್ಸಿನ್ಯಾಗ ಕುಂತ ಮ್ಯಾಲ ಅಣ್ಣಿಗೇರಿ ತನಾ ಅತ್ತೆ. ಇಳದು ತಿರುಗಿ ಬರೂಣು ಅಂದ್ರ ಯಾವ ಮುಖಾ ಇಟಗೊಂಡು ಬರ್ಲಿ? ಯಾರರೆ ಕರಿಯಾಕ ಬರ್ತಾರೇನು ಅಂತ ನೋಡಿದೆ. ಹಬ್ಬಾ ಒಂದೊಂದ ಆಗಿ ಹೋದ್ವು, ಯಾರೂ ಬರಲಿಲ್ಲ." ಮೂಗು ಎಳೆದುಕೊಂಡಳು. "ಅಣ್ಣ ಎಲ್ಲೆ ಅದಾನ?"

ಎಲ್ಲರೂ ಫಕೀರೇಶನ ಕಡೆ ನೋಡಿದರು. ಅವನಿದ್ದ ಜಾಗದಲ್ಲಿ ಅನ್ನದ ಪಾತ್ರೆಯ ಮೇಲೆ ಅಡ್ಡ ಇಟ್ಟ ಸೌಟು ಮಾತ್ರ ಇತ್ತು. ಹೊರಗಿನಿಂದ ಅವನ ದನಿ ಕೇಳಿಸಿತು: "ನನ್ನ ಗಾಡಿ ಮುಂದ ಯಾರದರಿ ಈ ಸ್ಕೂಟರ್? ತಗೀರಿ, ತಗೀರಿ." ಬಂದವರ ಗಾಡಿಗಳು ಅವನ ಬೈಕನ್ನು ಗೋಡೆಗೆ ಒತ್ತಿ ಹಿಡಿದಿದ್ದವು. ಒಂದನ್ನು ತೆಗೆದರೆ ಇನ್ನೊಂದು ಅಡ್ಡ.

ಮೆಹಬೂಬಸಾಬ ಬಾಯೊರೆಸಿಕೊಂಡು ಎದ್ದ. "ಅಣ್ಣಾರ, ಓಣಿ ಬಾಯಾಗ ನನ್ನ ಗಾಡಿ ನಿಂತೈತಿ. ಗ್ಯಾಸಿನ ಗಾಡಿ ಆದ್ರ ನಡೀತೈತೇನು?"

"ಯಾವದಾದ್ರೂ ನಡೀತೈತಿ, ನಡೀರಿ."

"ಹೇಳು ಆಕೀಗೆ," ಎಂದು ನೀಲವ್ವ ಫೋನಿನ ಹತ್ತಿರ ಬಗ್ಗಿ, ಮಗಳಿಗೆ ಕೇಳುವ ಹಾಗೆ ಸೊಸೆಗೆ ಹೇಳಿದಳು, "ನಿಮ್ಮಣ್ಣ ಹೊಂಟಾನ ಅಂತ. ಖಾಲಿ ಹೊಟ್ಟಿಲೆ ಇರು ಅಂತ ಹೇಳು."

*

ಗದಗಿಗೆ ಹೋಗಿ ಬರಲು ಸಂಜೆ ನಾಲ್ಕಾಯಿತು. ಅಷ್ಟರಲ್ಲಿ ಜೆಸಿಂತಾ ಮೇಡಂ ಬಂದು, ಉಂಡು, ಜೋಕಾಲಿಯ ಸರದಿಗೆ ಗುರುಸಿದ್ಧನ ಜೊತೆ ಜಗಳವಾಡಿ ಗೆದ್ದಿದ್ದರು. ಹೋಗಬೇಕಾದವರೂ ಹೋಗಿರಲಿಲ್ಲ. ಫೋನಿನ ಮಾತು ಕೇಳಿದವರು, ಬರುವವಳನ್ನು ನೋಡದೆ ಏಳುವುದು ಹೇಗೆ?

ಓಣಿಯ ತುದಿಯಲ್ಲಿ ಖಾಲಿ ಸಿಲಿಂಡರುಗಳು ಒಂದಕ್ಕೊಂದು ಬಡಿದು ಘಣಘಣ ಅಂದವು. ಗಾಡಿಯ ಮುಂದಿನ ಸೀಟಿನಲ್ಲಿ ಮೆಹಬೂಬಸಾಬನ ಪಕ್ಕ ಮಂದಾ ಕೂತಿದ್ದಳು, ಇಳಕಲ್ ಸೀರೆ, ತೊಡೆಯ ಮೇಲೆ ಉಂಡಿಯ ಡಬ್ಬಿ. ಹಿಂದೆ ಸಿಲಿಂಡರುಗಳ ನಡುವೆ ಅವಳ ಗಂಡನೂ ಫಕೀರೇಶನೂ ಕಂಬಿ ಹಿಡಿದು ನಿಂತಿದ್ದರು. ಮಂದಾಳ ಗಂಡನ ಮುಖ ನೋಡಿದರೆ, ಚಹಾದ ವಿಚಾರಣೆ ಅಣ್ಣಿಗೇರಿಯಲ್ಲಿ ಒಂದು ಸುತ್ತು ಮುಗಿದಂತಿತ್ತು.

"ಬಾಗಲಾ ಹಾಕಲಿಲ್ಲೇನು?" ಎಂದು ಕಸ್ತೂರಿ ಗಂಡನಿಗೆ ಪಿಸುಗುಟ್ಟಿದಳು.

"ಬಾಗಲದಾಗ ಬ್ಯಾಗ್ ಹಿಡಕೊಂಡ ನಿಂತಿದ್ಲು," ಎಂದ ಫಕೀರೇಶ. ಕಣ್ಣು ಕೆಂಪಗಿದ್ದವು. "ಧೂಳಿ," ಎಂದು ಒರೆಸಿಕೊಂಡ.

ಮಂದಾ ಒಳಗೆ ಬಂದು, ಇಷ್ಟು ಜನರನ್ನು ನೋಡಿ ನಡುಮನೆಯಲ್ಲೇ ನಿಂತಳು. ಕಸ್ತೂರಿ ಅವಳ ಕೈಯಿಂದ ಬ್ಯಾಗು ಕಸಿದುಕೊಂಡಳು. ಒಬ್ಬರ ಭುಜಕ್ಕೆ ಒಬ್ಬರು ಮುಖ ಒತ್ತಿ ನಗುತ್ತ ನಿಂತರು.

"ನೀವಾ ಆ ಮಂದಾಕಿನಿ?" ಎಂದು ಜೆಸಿಂತಾ ಮೇಡಂ ಸಂಭ್ರಮದಿಂದ ಮುಂದೆ ಬಂದರು. "ನಿಮ್ಮನ್ನು ನೋಡಬೇಕಂತ ತುಂಬ ಆಸೆ ಇತ್ತು ನನಗೆ. ಎಷ್ಟು ದಿನ ಇ..."

ಕಸ್ತೂರಿ ಅವರ ಕಾಲನ್ನು ಗಟ್ಟಿಯಾಗಿ ತುಳಿದಳು.

"ಎಷ್ಟು ಚಂದ ಉಂಟು ಸೀರೆ," ಎಂದು ಮೇಡಂ ಮುಗಿಸಿದರು.

ನೀಲವ್ವ ಗೋಡೆಗೆ ಒರಗಿ ಕೂತಲ್ಲಿಂದ ಎದ್ದಿರಲಿಲ್ಲ. ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸೊರಗೀಯಲ್ಲ."

"ಎಲ್ಲಿ ಸೊರಗೇನಿ ಯವ್ವ, ಐದು ಕಿಲೋ ಹೆಚ್ಚಾಗೇನಿ. ನೀ ಕನ್ನಡಕ ಹಾಕ್ಕೊಂಡು ನೋಡು."

"ಹೆಚ್ಚಾದ್ರ ಆಗಲಿ. ಇಲ್ಲೆ ಬಾ, ಕೂಡು."

ಮಂದಾ ತಾಯಿಯ ಮುಂದೆ ಹೋಗಿ, ಬೆನ್ನು ತಿರುಗಿಸಿ ಕೂತಳು. ನೀಲವ್ವ ಮಗಳ ತುರುಬಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದು ತನ್ನ ಹಲ್ಲಿನ ನಡುವೆ ಕಚ್ಚಿಕೊಂಡಳು, ಕೂದಲನ್ನು ಪೂರ್ತಿ ಬಿಚ್ಚಿ ಹರವಿ, ಕೈ ಚಾಚಿ ಎಣ್ಣೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು.